ಸುಣ್ಣ ಸುಟ್ಟದ್ದಲ್ಲ

ಜನವರಿ 17, 2024, ಬುಧವಾರ. ಉಡಿಗಾಲ

ಈ ವರ್ಷನೂ ರೇಂಜ್ ಆಫೀಸಲ್ಲಿ ಒಂದು ಡೈರಿ ಹೆಚ್ಚಿಗೆ ಸಿಕ್ತು. ಆನೆ ಎಲ್ಲಿ ದಾಟ್ತು, ಹೊಗೆ ಎಲ್ಲಿ ಕಾಣ್ತು ಅಂತ ಬರೆಯೋಕೆ ಬೇರೆ ಇದೆ, ಅದನ್ನ ಸಾಹೇಬರು ನೋಡ್ತಾರೆ. ಇದು ನನ್ನದು. ಫಾರೆಸ್ಟ್ ವಾಚರ್ ನಿಂಗರಾಜನ ಮನಸ್ಸಲ್ಲಿ ಏನಿದೆ ಅಂತ ಯಾವ ಸಾಹೇಬನೂ ನೋಡಬೇಕಾಗಿಲ್ಲ.

ಬಂಡೀಪುರದಿಂದ ರಜಾ ಹಾಕಿ ಊರಿಗೆ ಬಂದಿದೀನಿ. ಬೆಳಗ್ಗೆ ರಾಚಿ ಜೊತೆ ಗುರುಸಿದ್ದಯ್ಯನವರ ಹೊಲಕ್ಕೆ ಹೋಗಿದ್ದೆ. ಸಂಕ್ರಾಂತಿ ಮುಗೀತಲ್ಲ, ಅರಿಶಿನ ಕೀಳೋದು ಶುರು. ರಾಚಿ ಅಂದ್ರೆ ರಾಚಮ್ಮ, ನನ್ನ ಹೆಂಡತಿ. ಸ್ವಂತ ಅಕ್ಕನ ಮಗಳು, ಅದಕ್ಕೇ ಇವತ್ತಿಗೂ ನನ್ನ ‘ಮಾವ’ ಅಂತಲೇ ಕರೀತಾಳೆ. ಹೆಣ್ಣಾಳುಗಳ ಗುಂಪಿಗೆ ಅವಳೇ ಮೇಸ್ತ್ರಿ. ಉಡಿಗಾಲದಿಂದ ಹರವೆವರೆಗೆ ಯಾರ ಹೊಲದಲ್ಲಿ ಕಳೆ ಬೆಳೆದ್ರೂ, ಕೊಯ್ಲು ಬಂದ್ರೂ ಮೊದಲ ಫೋನು ಇವಳಿಗೆ. ಆ ಬಾಯಿ ಏನು ಬಾಯಿ ಅಂತೀನಿ! ಕೂಲಿ ಮಾತಿಗೆ ನಿಂತ್ರೆ ಗುರುಸಿದ್ದಯ್ಯನವರಂಥವರೇ ಟವಲ್ ಕೊಡವಿ ‘ಆಯ್ತು ಕಣವ್ವ’ ಅಂತಾರೆ. ಹೊಲದ ಈ ತುದೀಲಿ ಕೂಗಿದ್ರೆ ಆ ತುದೀಲಿ ಸುಮ್ಮನೆ ಕೂತವಳು ಎದ್ದು ನಿಲ್ತಾಳೆ. ಆನೆ ಓಡಿಸೋಕೆ ನಮಗೆ ಪಟಾಕಿ ಕೊಡ್ತಾರೆ. ಇವಳನ್ನ ಕೆಲಸಕ್ಕೆ ತಗೊಂಡಿದ್ರೆ ಇಲಾಖೆಗೆ ಆ ಖರ್ಚು ಉಳೀತಿತ್ತು.

ನಮ್ಮ ಕಡೆ ಪದ್ಧತಿ ಅಂದ್ರೆ ಪದ್ಧತಿ. ಆಳು ಹೊಲಕ್ಕಿಳಿಯೋ ಮುಂಚೆ ಯಜಮಾನರು ತಟ್ಟೇಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ ಕಡ್ಡಿಪುಡಿ ಇಟ್ಟು ತರಬೇಕು. ಮೇಸ್ತ್ರಿ ಮೊದಲು ಬಾಯಿಗೆ ಹಾಕ್ಕೋಬೇಕು, ಆಮೇಲೆ ಉಳಿದವರು. ತಟ್ಟೆ ತರದಿದ್ರೆ ಆಳುಗಳಿಗೆ ಮರ್ಯಾದೆ ಕೊಡಲಿಲ್ಲ ಅಂತ. ತಂದ ತಟ್ಟೆ ಮೇಸ್ತ್ರಿ ಮುಟ್ಟದಿದ್ರೆ ಯಜಮಾನರ ಮುಖಕ್ಕೆ ಹೊಡೆದ ಹಾಗೆ.

ಇವತ್ತು ಹಾಕ್ಕೊಳ್ಳುವಾಗ ರಾಚಿ ‘ಸ್’ ಅಂದ್ಲು. ಬಲಗೆನ್ನೆ ಒಳಗೆ ಸುಣ್ಣ ಸುಟ್ಟಿದೆ. ದಸರಾದಿಂದ ಹಾಗೇ ಇದೆ. ಮೊದಲು ಬರೀ ಬೆಳ್ಳಗಿತ್ತು, ಈಗ ನಡುವೆ ಹುಣ್ಣು. ಖಾರ ಸೋಕಿಸಲ್ಲ, ಸಾರಿಗೆ ಮಜ್ಜಿಗೆ ಬೆರೆಸ್ಕೊಂಡು ಉಣ್ತಾಳೆ. ತುಪ್ಪ ಸವರ್ಕೋ ಅಂದೆ. ಆ ಜಾಗದಲ್ಲೇ ಕಡ್ಡಿಪುಡಿ ಒತ್ತಿ ಇಟ್ಕೊಂಡ್ರೆ ನೋವು ಗೊತ್ತಾಗಲ್ಲ ಅಂತ ಗುಂಪಿನ ಸಣ್ಣತಾಯಮ್ಮ ಹೇಳಿದ್ಲಂತೆ. ಅದೂ ಸರಿಯೇ. ಹಲ್ಲುನೋವಿಗೆ ನಾನೂ ಹಂಗೇ ಮಾಡೋದು.

ಬರೀತಾ ಬರೀತಾ ನಾನೂ ಒಂದು ಸಲ ಹಾಕ್ಕೊಂಡೆ. ಕಡ್ಡಿಪುಡಿ ಇಲ್ಲದೆ ನನಗೆ ಅಕ್ಷರ ನೆಟ್ಟಗೆ ಬರಲ್ಲ.

ಜನವರಿ 23, ಮಂಗಳವಾರ

ಇವತ್ತು ಮೈ ಉರಿದು ಹೋಯ್ತು. ಆಶಾ ಕಾರ್ಯಕರ್ತೆ ಸ್ವರ್ಣಲತಾ ಮನೆಗೆ ಬಂದಿದ್ರು. ಬಿಪಿ ನೋಡ್ತೀನಿ, ಸಕ್ಕರೆ ನೋಡ್ತೀನಿ ಅಂದ್ರು, ನೋಡ್ಲಿ. ಆಮೇಲೆ ಬಾಯಿ ತೆಗೀರಿ ಅಂದ್ರು. ರಾಚಿ ತೆಗೆದ್ಲು. ಪೂರ್ತಿ ತೆಗೆಯೋಕೆ ಆಗಲಿಲ್ಲ ಅವಳಿಗೆ. ಆ ಯಮ್ಮ ಮೊಬೈಲ್ ಲೈಟು ಬಿಟ್ಟು ನೋಡಿ, ಮುಖ ಸಪ್ಪಗೆ ಮಾಡ್ಕೊಂಡು, ‘ರಾಚಕ್ಕ, ನಾಳೆನೇ ಚಾಮರಾಜನಗರಕ್ಕೆ ಹೋಗಿ. ದೊಡ್ಡಾಸ್ಪತ್ರೇಲಿ ಹಲ್ಲಿನ ಡಾಕ್ಟ್ರು ಇರ್ತಾರೆ, ತೋರಿಸ್ಬಿಡಿ’ ಅಂದ್ರು.

‘ಸುಣ್ಣ ಸುಟ್ಟದ ಕಣಮ್ಮ, ಅದಕ್ಯಾವ ಡಾಕ್ಟ್ರು?’ ಅಂದೆ.

‘ಸುಣ್ಣ ಸುಟ್ಟಿದ್ರೆ ಹತ್ತು ಹದಿನೈದು ದಿನಕ್ಕೆ ಮಾಯಬೇಕಲ್ವಾ ಅಣ್ಣ? ದಸರಾದಿಂದ ಇದೆ ಅಂತೀರ.’

‘ದಿನಾ ತಿಂತಾಳೆ, ದಿನಾ ಸುಡ್ತದೆ. ಮಾಯೋಕೆ ಬುಟ್ರೆ ತಾನೆ ಮಾಯೋದು?’

ನಾನು ಹೇಳಿದ್ರಲ್ಲಿ ಏನು ತಪ್ಪಿದೆ? ‘ನಿಮ್ಮ ಬಾಯೂ ತೋರಿಸಿ ಅಣ್ಣ’ ಅಂತ ಬೇರೆ ಅಂದ್ರು. ದನದ ಜಾತ್ರೇಲಿ ಹಲ್ಲು ನೋಡ್ತಾರಲ್ಲ, ಹಂಗೆ. ನಂಗೆ ಡ್ಯೂಟಿಗೆ ಹೊತ್ತಾಯ್ತು ಅಂತ ಎದ್ದು ಹೊರಟೆ. ಡ್ಯೂಟಿ ಇದ್ದದ್ದು ನಾಳೆ.

ರಾಚಿ ಮಾತ್ರ ಸುಮ್ಮನೆ ಕೂತಿದ್ಲು. ಅವಳು ಸುಮ್ಮನೆ ಕೂತ್ರೆ ನನಗೆ ಆಗಲ್ಲ.

ಜನವರಿ 29, ಸೋಮವಾರ

ನಾನು ಬೇಡ ಅಂತಿದ್ರೂ ಬಸ್ಸು ಹತ್ತಿಸಿದ್ಲು. ಹಲ್ಲಿನ ವಿಭಾಗದಲ್ಲಿ ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ. ನಮ್ಮ ಮಗಳು ಭಾನುಗಿಂತ ಸ್ವಲ್ಪ ದೊಡ್ಡವರಿರಬಹುದು. ಎಷ್ಟು ವರ್ಷದಿಂದ ತಿಂತೀರಿ ಅಂತ ಕೇಳಿದ್ರು. ‘ಮೈ ನೆರೆದಾಗಿಂದ ಕಣಮ್ಮ’ ಅಂದ್ಲು. ಯಾವ ಕಡೆ ಇಟ್ಕೋತೀರಿ? ಬಲಗಡೆ. ಮಲಗೋವಾಗ ಉಗಿದು ಮಲಗ್ತೀರಾ? ‘ಇಲ್ಲ, ಅದ್ನ ಇಟ್ಕಂಡ್ರೇನೆ ನಿದ್ದೆ ಬರೋದು.’ ಹೊಲದ ಹೆಣ್ಣಾಳೆಲ್ಲ ಹಂಗೇ. ನಾನೂ ಹಂಗೇ. ಚೆಕ್‌ಪೋಸ್ಟಲ್ಲಿ ಗೇಟು ಹಾಕಿದ ಮೇಲೆ ಬೆಳಗಿನವರೆಗೂ ಕಣ್ಣು ತೆರ್ಕೊಂಡಿರೋಕೆ ಇನ್ನೇನಿದೆ?

ಬಾಯಿ ತೆಗೆಸಿ ಬೆರಳಿಟ್ಟು ಅಳೆದ್ರು. ಮೂರು ಬೆರಳು ಹಿಡೀಬೇಕಂತೆ, ಇವಳಿಗೆ ಒಂದೂವರೆ. ಕೂಲಿ ಕೇಳೋಕೆ ಅಷ್ಟು ದೊಡ್ಡದಾಗಿ ತೆರೆಯೋ ಬಾಯಿ ಒಂದೂವರೆ ಬೆರಳಿಗೆ ಬಂದಿದ್ದು ಪಕ್ಕದಲ್ಲೇ ಉಣ್ಣೋ ನನಗೆ ಇಷ್ಟು ತಿಂಗಳು ಗೊತ್ತೇ ಆಗಿರಲಿಲ್ಲ. ಮುದ್ದೆ ಚಿಕ್ಕ ಚಿಕ್ಕದು ಮುರೀತಿದ್ಲು. ವಯಸ್ಸಾಯ್ತು, ನಾಜೂಕು ಬಂತು ಅಂತ ರೇಗಿಸಿದ್ದೆ.

ಒಂದು ಚೂರು ತುಂಡು ತೆಗೆದು ಪರೀಕ್ಷೆಗೆ ಕಳಿಸ್ತೀವಿ ಅಂದ್ರು. ನಾನು ಗೋಡೆ ಕಡೆ ತಿರುಗಿದೆ. ರಾಚಿ ಕಮಕ್ ಕಿಮಕ್ ಅನ್ನಲಿಲ್ಲ. ಎದ್ದು ಬಂದು ಬಾಯಲ್ಲಿ ಹತ್ತಿ ಕಚ್ಕೊಂಡೇ ಆ ಡಾಕ್ಟ್ರಮ್ಮನಿಗೆ ಕೈ ಮುಗಿದ್ಲು.

‘ನೀವು ತಿಂತೀರಾ?’ ಅಂತ ನನ್ನ ಕೇಳಿದ್ರು.

‘ಅಪರೂಪಕ್ಕೆ ಮೇಡಮ್’ ಅಂದೆ. ರಾಚಿ ನನ್ನನ್ನೇ ನೋಡಿದ್ಲು. ಬಾಯಲ್ಲಿ ಹತ್ತಿ ಇದ್ದದ್ದಕ್ಕೆ ಬಚಾವ್.

ಹೊರಗೆ ಬಂದು ಕಾಂಪೌಂಡ್ ಪಕ್ಕ ನಿಂತು ಒಂದು ದಪ್ಪ ಉಂಡೆ ಹಾಕ್ಕೊಂಡೆ. ಆತುರದಲ್ಲಿ ಸುಣ್ಣ ಜಾಸ್ತಿ ಆಯ್ತು.

ಫೆಬ್ರವರಿ 7, ಬುಧವಾರ

ಕ್ಯಾನ್ಸರ್.

ಡಾಕ್ಟ್ರಮ್ಮ ಮೆತ್ತಗೆ ಹೇಳಿದ್ರು. ರಾಚಿನೇ ಮಾತಾಡಿದ್ಲು. ‘ಸತ್ತೋಯ್ತಿನಾ ತಾಯಿ? ಇದ್ದದ್ದು ಇದ್ದಂಗೆ ಯೋಳಿ.’

ಈಗ ಆಪರೇಷನ್ ಮಾಡಿದ್ರೆ ಉಳಿಯೋ ಸಾಧ್ಯತೆ ಚೆನ್ನಾಗಿದೆ, ಮೊನ್ನೆ ಮಾಡಿಸಿದ ಸ್ಕ್ಯಾನಲ್ಲಿ ಕತ್ತಿಗೆ ದೊಡ್ಡದಾಗಿ ಹರಡಿದ ಹಾಗೆ ಕಾಣ್ತಿಲ್ಲ, ತಡ ಮಾಡಿದ್ರೆ ನಾನು ಮಾತು ಕೊಡೋಕಾಗಲ್ಲ ಅಂದ್ರು. ಮೈಸೂರಿಗೆ ಹೋಗಬೇಕು. ಕೆನ್ನೆ ಒಳಗಿನ ಭಾಗ, ಆ ಕಡೆ ಕೆಲವು ಹಲ್ಲು, ಕತ್ತಿನ ಗಂಟು ತೆಗೀತಾರೆ. ತೊಡೆ ಚರ್ಮ ತೆಗೆದು ಒಳಗೆ ಹಾಕ್ತಾರೆ.

‘ಮಾತು?’

‘ಬರುತ್ತೆ. ಮೊದಲಿನ ಹಾಗೆ ಸ್ಪಷ್ಟವಾಗಿ ಬರುತ್ತೋ ಇಲ್ವೋ ಈಗಲೇ ಹೇಳೋಕಾಗಲ್ಲ ರಾಚಮ್ಮ.’

ರಾಚಿ ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸ್ಕೊಂಡ್ಲು. ಆಮೇಲೆ ‘ಯಾವತ್ತು ಓಗಬೇಕು, ಬರ್ಕೊಡಿ’ ಅಂದ್ಲು.

ಬಸ್ ಸ್ಟ್ಯಾಂಡಲ್ಲಿ ನಾನು ಬೇಡ ಅಂತ ಕೂತೆ. ಕೊಳ್ಳೇಗಾಲದ ಕಡೆ ಒಬ್ಬರು ನಾಟಿ ಔಷಧಿ ಕೊಡ್ತಾರಂತೆ, ಚೆಕ್‌ಪೋಸ್ಟಿನ ಮೂಗಯ್ಯ ಹೇಳ್ದ, ಒಂದು ತಿಂಗಳು ನೋಡನ. ಅಷ್ಟರಲ್ಲಿ ಅರಿಶಿನನೂ ಕಿತ್ತು ಮುಗೀತದೆ ಅಂದೆ.

‘ಅರಿಶಿನ ನೆಲದೊಳ್ಗೆ ಕಾಯ್ತದ ಮಾವ. ಇದು ಬಾಯೊಳ್ಗೆ ಕಾದದಾ?’ ಅಂದ್ಲು.

ಬಸ್ಸಲ್ಲಿ ಅವಳು ಕಿಟಕಿ ಪಕ್ಕ ಕೂತು ನಿದ್ದೆ ಮಾಡಿದ್ಲು. ನಿಜವಾಗ್ಲೂ ನಿದ್ದೆ! ನಾನು ಬೇಡಮೂಡ್ಲು ಸ್ಟಾಪು ಬರೋವರೆಗೂ ಅತ್ತೆ.

ಫೆಬ್ರವರಿ 8, ಗುರುವಾರ

ಉಣ್ಣೋಕಾಗಲಿಲ್ಲ.

ಫೆಬ್ರವರಿ 11, ಭಾನುವಾರ

ಯಾರಿಗೂ ಹೇಳಬೇಡ, ಹಲ್ಲಿನ ಆಪರೇಷನ್ ಅನ್ನು ಅಂತ ಅವಳಿಗೆ ಹೇಳಿದ್ದೆ. ಈ ರೋಗದ ಹೆಸರು ಹೇಳಿದ್ರೆ ಊರೋರು ಇನ್ನೊಂದು ಮಾತೇ ಆಡ್ತಾರೆ. ನೀರಿನ ಲೋಟ ಬೇರೆ ಇಡ್ತಾರೆ.

ನನ್ನ ಮಾತು ಕೇಳೋಳಾ ಅವಳು? ಗುಂಪಿನವರನ್ನೆಲ್ಲ ಮನೆ ಜಗಲಿ ಮೇಲೆ ಕೂರಿಸ್ಕೊಂಡು ನೆಟ್ಟಗೆ ಹೇಳ್ಬಿಟ್ಲು. ‘ನಂಗೆ ಕ್ಯಾನ್ಸರ್ ಅಂತೆ ಕಣ್ರವ್ವಾ. ಮೈಸೂರಲ್ಲಿ ಕೆನ್ನೆ ಕುಯ್ತಾರೆ. ನಾ ಬರಗಂಟ ಸಣ್ಣತಾಯಿನೇ ಮೇಸ್ತ್ರಿ.’

ಒಬ್ಬೊಬ್ಬರು ಅಳೋಕೆ ಶುರು ಮಾಡಿದ್ರು. ‘ನಮ್ಮವ್ವ ಸಾಯಗಂಟ ಕಡ್ಡಿಪುಡಿ ತಿಂದ್ಲು, ಕಲ್ಲಿದ್ದಂಗಿದ್ಲು’ ಅಂತ ಸಣ್ಣತಾಯಮ್ಮ ಮೂಗು ಒರೆಸ್ಕೊಂಡು ಅಂದ್ಲು.

‘ನಿಮ್ಮವ್ವಂಗೆ ಬರ್ನಿಲ್ಲ, ನಂಗೆ ಬಂತು. ನಿಂಗೆ ಬರಾಕಿಲ್ಲ ಅಂತ ಯಾರವ್ವ ಚೀಟಿ ಬರ್ಕೊಟ್ಟವ್ರೆ? ಸುಣ್ಣ ಅಂತ ಕುಂತಿದ್ದೆ ನಾನು. ಸುಣ್ಣ ಅಲ್ಲ ಕಣ್ರೇ. ನೀವ್ಯಾರೂ ಹಂಗೆ ಕೂತ್ಕಬೇಡಿ.’

ಮೇಸ್ತ್ರಿ ಅಂದ್ರೆ ಹೀಗೆ. ಕೆನ್ನೆ ಕೊಯ್ಸೋಕೆ ಹೊರಟವಳು ಅವರಿಗೇ ಸಮಾಧಾನ ಮಾಡಿ, ಕಾಫಿ ಕೊಟ್ಟು ಕಳಿಸಿದ್ಲು. ನಾನಾಗಿದ್ರೆ ಮಂಚದ ಕೆಳಗೆ ಸೇರ್ಕೋತಿದ್ದೆ. ಅವಳು ಎಲೆ, ಕಡ್ಡಿಪುಡಿ ಬಿಟ್ಟು ಮೂರ್ನಾಲ್ಕು ದಿನ ಆಯ್ತು. ತಲೆ ಸುತ್ತುತ್ತೆ, ಸಿಡುಕ್ತಾಳೆ, ಲವಂಗ ಕಚ್ಕೊಂಡು ಓಡಾಡ್ತಾಳೆ. ಅವಳೆದುರಿಗೆ ಹಾಕ್ಕೊಳ್ಳೋಕೆ ಒಂಥರಾ ಆಗಿ ನಾನು ಹಿತ್ತಲಿಗೆ ಹೋಗ್ತೀನಿ.

ಫೆಬ್ರವರಿ 20, ಮಂಗಳವಾರ. ಮೈಸೂರು

ಬೆಳಗ್ಗೆ ಒಳಗೆ ಕರ್ಕೊಂಡು ಹೋದ್ರು. ಇನ್ನೂ ಹೊರಗೆ ತಂದಿಲ್ಲ. ಮಗಳು ಭಾನು ಗುಂಡ್ಲುಪೇಟೆಯಿಂದ ಬಂದಿದಾಳೆ, ಕಣ್ಣು ಮುಚ್ಕೊಂಡು ಏನೋ ಪ್ರಾರ್ಥನೆ ಮಾಡ್ತಿದಾಳೆ.

ಗೇಟಲ್ಲಿ ಸೆಕ್ಯೂರಿಟಿಯವನು ಜೇಬು ತಡಕಿ ಕಡ್ಡಿಪುಡಿ ಪ್ಯಾಕೆಟ್ ಕಿತ್ಕೊಂಡ. ‘ನಾನೂ ಸರ್ಕಾರಿ ನೌಕರ ಕಣಯ್ಯ’ ಅಂದೆ. ‘ಹಂಗಾದ್ರೆ ರೂಲ್ಸು ನಿಮಗೂ ಗೊತ್ತಿರ್ಬೇಕಲ್ವಾ ಸಾರ್’ ಅಂದ. ಬಂಡೀಪುರದಲ್ಲಿ ಬೆಂಕಿಪೊಟ್ಟಣ ಕಿತ್ಕೊಳ್ಳುವಾಗ ನಾನು ಹೇಳೋದೇ ಆ ಮಾತು. ತಲೆ ಸಿಡೀತಿದೆ. ಹೊರಗೆ ಹೋಗಿ ತಗೊಳ್ಳೋಣ ಅಂದ್ರೆ ಆ ಹೊತ್ತಿಗೇ ಅವಳನ್ನ ಹೊರಗೆ ತಂದುಬಿಟ್ರೆ?

ಒಳಗೆ ಹೋಗೋ ಮುಂಚೆ ಒಂದೇ ಮಾತು ಅಂದ್ಲು. ‘ಮಾವ, ನನ್ ಮಾತು ಓದ್ರೂ ಪರವಾಗಿಲ್ಲ. ಜೀವ ಇರ್ಲಿ ಅಂತ ಬೇಡ್ಕೋ.’ ಮಾತೇ ಬದುಕಾಗಿರೋಳು ಹಂಗಂದ್ಲು. ಅಷ್ಟು ಧೈರ್ಯ ಎಲ್ಲಿಂದ ತಂದ್ಲೋ!

ಸಂಜೆ: ತಂದ್ರು. ಉಸಿರಾಡ್ತಿದಾಳೆ.

ಫೆಬ್ರವರಿ 22, ಗುರುವಾರ

ಮೂಗಲ್ಲಿ ಕೊಳವೆ. ಮುಖ ಊದಿಕೊಂಡು ಗುರುತೇ ಸಿಗಲ್ಲ. ಮಾತಿಲ್ಲ. ಆದ್ರೆ ಕೈ ಇದೆಯಲ್ಲ! ಆಗಲೇ ವಾರ್ಡಿಗೆ ಮೇಸ್ತ್ರಿ ಆಗ್ಬಿಟ್ಟಿದಾಳೆ. ಪಕ್ಕದ ಮಂಚದ ಅಜ್ಜಿಗೆ ಡ್ರಿಪ್ ಖಾಲಿಯಾದ್ರೆ ಇವಳೇ ಚಪ್ಪಾಳೆ ತಟ್ಟಿ ನರ್ಸನ್ನ ಕರೀತಾಳೆ. ಭಾನು ಕೂದಲು ಬಾಚಿಲ್ಲ ಅಂತ ಕೈಸನ್ನೇಲೇ ಬೈದ್ಲು. ನನ್ನ ಕಡೆ ನೋಡಿ ಶರ್ಟಿನ ಗುಂಡಿ ಹಾಕ್ಕೋ ಅಂದ್ಲು. ಹಾಕ್ಕೊಂಡೆ.

ಕಡ್ಡಿಪುಡಿಗೆ ಅಂತ ಹೋದ್ರೆ ಆಸ್ಪತ್ರೆ ಎದುರಿನ ಅಂಗಡಿ ಬಾಗಿಲು ಹಾಕಿತ್ತು. ಮುಂದಿನ ಅಂಗಡಿಗೆ ಯಾರು ನಡೀತಾರೆ ಅಂತ ಸುಮ್ಮನಾದೆ.

ಮಾರ್ಚ್ 5, ಮಂಗಳವಾರ

ತೆಗೆದ ಭಾಗದ ರಿಪೋರ್ಟು ಬಂತು. ಅಂಚು ಶುದ್ಧವಾಗಿದೆಯಂತೆ. ಕತ್ತಿನ ಗಂಟಿಗೆ ಹೋಗಿಲ್ಲ. ಕರೆಂಟು, ಅಂದ್ರೆ ರೇಡಿಯೇಷನ್, ಕೊಡೋದೂ ಬೇಡ. ಕರೆಕ್ಟಾಗಿ ಚೆಕಪ್ಪಿಗೆ ಬರಬೇಕು, ಎಲೆ ಅಡಿಕೆ ಕಡ್ಡಿಪುಡಿ ಈ ಜನ್ಮಕ್ಕೆ ಸಾಕು ಅಂದ್ರು ದೊಡ್ಡ ಡಾಕ್ಟ್ರು. ಬರೀ ಅಡಿಕೆನೂ ಬೇಡವಾ ಅಂತ ನಾನು ಕೇಳಿದೆ. ಅಡಿಕೆನೂ ಬೇಡ, ಬಾಯಿ ಗಟ್ಟಿಯಾಗಿ ಮುಚ್ಚಿಕೊಳ್ತಿದ್ದದ್ದೇ ಅದರಿಂದ ಅಂದ್ರು.

ಒಂದೆರಡು ತಿಂಗಳು ಆ ನಾಟಿ ಔಷಧಿ ಅಂತ ಕೂತಿದ್ರೆ ಈ ರಿಪೋರ್ಟು ಬೇರೆ ಥರ ಇರ್ತಿತ್ತೇನೋ ಅಂತ ಅನ್ನಿಸ್ತು. ನನ್ನ ಮಾತು ಅವಳು ಕೇಳಲಿಲ್ಲ. ದೇವರು ದೊಡ್ಡವನು, ಹೆಂಡತಿ ನನ್ನ ಮಾತು ಕೇಳಲಿಲ್ಲ!

ಮಾರ್ಚ್ 21, ಗುರುವಾರ. ಉಡಿಗಾಲ

ಮನೆಗೆ ಬಂದಿದೀವಿ. ಗಂಜಿ ಕಾಯಿಸೋದು ಕಲಿತೆ. ರಾಗಿ ಗಂಜಿ ಗಂಟಾಗದ ಹಾಗೆ ತಿರುವೋದು ಆನೆ ಓಡಿಸೋದಕ್ಕಿಂತ ಕಷ್ಟ. ಬೇಳೆ ಬೇಯಿಸಿ, ಅರೆದು, ಬಟ್ಟೇಲಿ ಸೋಸಿ ಕೊಡ್ತೀನಿ. ಮೊದಲ ದಿನ ಉಪ್ಪು ಮರೆತೆ. ಅವಳು ಕುಡಿದು, ಲೋಟ ಕೆಳಗಿಟ್ಟು, ಉಪ್ಪಿನ ಡಬ್ಬಿ ಕಡೆ ಬೆರಳು ತೋರಿಸಿದ್ಲು.

ಬಾಯಿ ತೆರೆಯೋ ವ್ಯಾಯಾಮ ಇದೆ. ಐಸ್‌ಕ್ರೀಮ್ ಕಡ್ಡಿ ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಕೊಂಡು ತಡ್ಕೋಬೇಕು. ವಾರಕ್ಕೊಂದು ಕಡ್ಡಿ ಹೆಚ್ಚಿಗೆ. ಕಣ್ಣಲ್ಲಿ ನೀರು ಧಾರೆ ಧಾರೆ. ನಾನು ‘ಸಾಕು ತಗಿ, ನಾಳೆ ಮಾಡನ’ ಅಂದ್ರೆ ನನ್ನ ಕೈಗೆ ಪಟ್ ಅಂತ ಹೊಡೀತಾಳೆ. ಇನ್ನೊಂದು ಕಡ್ಡಿ ಕೇಳ್ತಾಳೆ. ಇಂಥ ಹಟ ನಾನು ಕಾಡಲ್ಲೂ ನೋಡಿಲ್ಲ.

ಮೂಗಯ್ಯ ನೋಡೋಕೆ ಬಂದಿದ್ದ. ಹಿತ್ತಲಲ್ಲಿ ಪ್ಯಾಕೆಟ್ ಬಿಚ್ಚಿ ‘ತಕ್ಕೊಳ್ಲಾ’ ಅಂದ. ಕೈಯೆಲ್ಲ ರಾಗಿ ಹಿಟ್ಟು. ಬೇಡ ಅಂದೆ.

ಏಪ್ರಿಲ್ 12, ಶುಕ್ರವಾರ

ಮಾತು ಬರ್ತಿದೆ. ‘ಸ’ ‘ಚ’ ಎಲ್ಲ ಒಂದೇ ಥರ. ಬಾಯಿ ತುಂಬ ಅನ್ನ ಇಟ್ಕೊಂಡು ಮಾತಾಡಿದ ಹಾಗೆ. ನನಗೆ ಅರ್ಥ ಆಗುತ್ತೆ. ಬೇರೆಯವರಿಗೆ ಎರಡು ಸಲ ಹೇಳಬೇಕು.

ಗುರುಸಿದ್ದಯ್ಯನವರು ಫೋನ್ ಮಾಡಿದ್ರು, ಚೆಂಡುಹೂ ನಾಟಿಗೆ ಆಳು ಬೇಕು ಅಂತ. ರಾಚಿನೇ ಎತ್ತಿದ್ಲು. ಅವರು ‘ಸಿಗ್ನಲ್ ಇಲ್ಲ ಕಣವ್ವ, ಕೇಳ್ತಿಲ್ಲ’ ಅಂದ್ರು. ನಾನು ಫೋನು ಕಿತ್ಕೊಳ್ಳೋಕೆ ಕೈ ಚಾಚಿದೆ. ಬಿಡಲಿಲ್ಲ. ‘ಸಿಗ್ನಲ್ ಸರಿಯಾಗೇ ಅದ ಅಯ್ನೋರೆ, ನನ್ ಬಾಯಿ ಸರಿಯಾಗಿಲ್ಲ. ನಿದಾನಕ್ಕೆ ಯೋಳ್ತೀನಿ, ನಿದಾನಕ್ಕೆ ಕೇಳಿ’ ಅಂತ ಒಂದೊಂದೇ ಮಾತು ಬಿಡಿಸಿ ಹೇಳಿದ್ಲು. ಆ ಕಡೆ ಓಡ್ತಿದ್ದ ಟಿವಿ ಆರಿಸಿದ್ರು. ಆಮೇಲೆ ‘ಹೇಳವ್ವ, ಕೇಳ್ತೀನಿ’ ಅಂದ್ರು. ಎಂಥ ಹೆಂಗಸಿಗೆ ಗಂಡ ನಾನು ಅಂತ ಎದೆ ಉಬ್ಬಿ ಹೋಯ್ತು.

ಡ್ಯೂಟಿ ಮತ್ತೆ ಶುರು. ಚೆಕ್‌ಪೋಸ್ಟಲ್ಲಿ ಮೂಗಯ್ಯನ ಕಡ್ಡಿಪುಡಿ ವಾಸನೆ ಯಾಕೋ ಹಳಸಿದ ಹಾಗಿತ್ತು. ಯಾವ ಅಂಗಡೀಲಿ ತಂದನೋ. ಹುರಿಗಡಲೆ ತಿಂದ್ಕೊಂಡು ಕೂತೆ.

ಜೂನ್ 18, ಮಂಗಳವಾರ

ಇವತ್ತು ರಾಚಿ ಹೊಲಕ್ಕಿಳಿದ್ಲು. ಚೆಂಡುಹೂ ಮೊದಲ ಕೊಯ್ಲು. ರಸ್ತೆ ಆ ಕಡೆ ಸೂರ್ಯಕಾಂತಿ ಹೊಲದಲ್ಲಿ ಕೇರಳದ ಕಾರಿನವರು ಫೋಟೋ ತಗೋತಿದ್ರು. ಈ ಕಡೆ ನಮ್ಮವರು ಬದುವಿನ ಮೇಲೆ ಸಾಲಾಗಿ ನಿಂತಿದ್ರು. ರಾಚಿ ಕೆನ್ನೆ ಒಂದು ಕಡೆ ಒಳಕ್ಕೆ ಹೋಗಿದೆ, ಕತ್ತಲ್ಲಿ ಹೊಲಿಗೆ ಗುರುತು. ಸೆರಗು ಮುಚ್ಕೋ ಅಂತ ಭಾನು ಹೇಳಿ ಕಳಿಸಿದ್ಲು. ಮುಚ್ಚಿರಲಿಲ್ಲ.

ಗುರುಸಿದ್ದಯ್ಯನವರು ತಟ್ಟೆ ತಂದ್ರು. ಪದ್ಧತಿ. ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ. ತಂದ ಮೇಲೆ ಪಾಪ ಅವರಿಗೇ ಏನು ಮಾಡಬೇಕು ಅಂತ ತಿಳೀಲಿಲ್ಲ, ಸಣ್ಣತಾಯಮ್ಮನ ಕಡೆ ಚಾಚಲಾ, ರಾಚಿ ಕಡೆ ಚಾಚಲಾ ಅಂತ ನಡುವೆ ನಿಂತ್ರು. ಸಣ್ಣತಾಯಮ್ಮ ಹಿಂದಕ್ಕೆ ಸರಿದ್ಲು. ಎಲ್ಲರೂ ರಾಚಿನೇ ನೋಡ್ತಿದ್ರು.

ರಾಚಿ ಎರಡೂ ಕೈಯಲ್ಲಿ ತಟ್ಟೆ ಇಸ್ಕೊಂಡ್ಲು. ತಟ್ಟೆ ಕಣ್ಣಿಗೊತ್ತಿಕೊಂಡು, ‘ನಿಮ್ ಮರ್ಯಾದೆ ನನ್ ತಲೆ ಮ್ಯಾಲದ ಅಯ್ನೋರೆ. ಬಾಯೊಳ್ಗೆ ಜಾಗ ಇಲ್ಲ’ ಅಂತ ಹೇಳಿ ಬದುವಿನ ಮೇಲಿಟ್ಲು. ಆಮೇಲೆ ಗುಂಪಿನ ಕಡೆ ತಿರುಗಿ ಬಾಯಿ ತೆಗೆದ್ಲು. ಆದಷ್ಟೂ ಅಗಲ. ‘ನೋಡ್ರವ್ವ. ಅತ್ರ ಬಂದು ನೋಡಿ.’

ಒಬ್ಬೊಬ್ಬರಾಗಿ ಬಂದು ನೋಡಿದ್ರು. ಹಲ್ಲಿಲ್ಲದ ಜಾಗ, ತೊಡೆ ಚರ್ಮ ಹಾಕಿ ಹೊಲಿದ ಕೆನ್ನೆ. ಗುರುಸಿದ್ದಯ್ಯನವರೂ ನೋಡಿದ್ರು. ಸಣ್ಣತಾಯಮ್ಮ ಬಾಯಲ್ಲಿದ್ದದ್ದನ್ನ ಬದುವಿನ ಆ ಕಡೆ ಹೋಗಿ ಉಗಿದು ಬಂದ್ಲು. ಮತ್ತೆ ತಿಂತಾಳೋ ಏನೋ, ಇವತ್ತಂತೂ ಉಗಿದ್ಲು. ‘ನಾಳೆಯಿಂದ ಕಡ್ಲೆಬೀಜ ಬೆಲ್ಲ ತರ್ತೀನಿ ಬುಡವ್ವ’ ಅಂದ್ರು ಗುರುಸಿದ್ದಯ್ಯನವರು. ‘ತಟ್ಟೆ ತುಂಬ ತನ್ನಿ’ ಅಂದ್ಲು ನಮ್ಮವಳು. ಎಲ್ಲ ಗೊಳ್ಳೆಂದು ನಕ್ಕರು. ಕೆಲಸ ಶುರುವಾಯ್ತು.

ಒಂದು ಮಾತೂ ಸ್ಪಷ್ಟ ಇಲ್ಲ ಅವಳದು. ಆದ್ರೂ ಇಷ್ಟು ವರ್ಷದಲ್ಲಿ ಅವಳು ಇಷ್ಟು ಚೆನ್ನಾಗಿ ಮಾತಾಡಿದ್ದು ನಾನು ಕೇಳಿಲ್ಲ.

ಜುಲೈ 2, ಮಂಗಳವಾರ

ರಾಚಿ ಚೆಕಪ್ಪಿಗೆ ಹೋದಾಗ ಚಾಮರಾಜನಗರದ ಡಾಕ್ಟ್ರಮ್ಮನ ಹತ್ತಿರ ಮಾತಾಡಿ ಬಂದಿದ್ಲು, ನಮ್ಮವರನ್ನೆಲ್ಲ ಕರ್ಕೊಂಡು ಬತ್ತೀನಿ, ಒಂದೇ ದಿನ ನೋಡಿ ಅಂತ. ಇವತ್ತು ಗೂಡ್ಸ್ ಆಟೋ ಹೇಳಿ ಗುಂಪಿನವರನ್ನೆಲ್ಲ ಹತ್ತಿಸಿದ್ಲು. ನನ್ನನ್ನೂ ಬಾ ಅಂದ್ಲು. ಹೆಂಗಸರನ್ನ ಇಳಿಸಿಕೊಳ್ಳೋಕೆ ಗಂಡಸು ಬೇಕೇನೋ ಅಂತ ಹೊರಟೆ.

ಅಲ್ಲಿ ಹೋದ ಮೇಲೆ ಯಾರೂ ಒಳಗೆ ಹೋಗೋಕೆ ತಯಾರಿಲ್ಲ. ಬಾಗಿಲ ಹತ್ತಿರ ಒಬ್ಬಳನ್ನೊಬ್ಬಳು ತಳ್ತಾರೆ. ಸಣ್ಣತಾಯಮ್ಮನಿಗೆ ಬಾತ್‌ರೂಮ್ ನೆನಪಾಯ್ತು. ರಾಚಿ ಒಂದು ನಿಮಿಷ ನೋಡಿ, ‘ಮೊದ್ಲು ನಮ್ ಮಾವ’ ಅಂದ್ಲು.

ಅಷ್ಟೂ ಹೆಂಗಸರು ನನ್ನನ್ನೇ ನೋಡಿದ್ರು. ಹೋದೆ. ಕುರ್ಚಿ ಮೇಲೆ ಕೂತೆ.

‘ಕಡ್ಡಿಪುಡಿ ಬಿಟ್ಟಿದೀರಾ?’ ಅಂತ ಕೇಳಿದ್ರು ಡಾಕ್ಟ್ರಮ್ಮ.

‘ಇಲ್ಲ ಮೇಡಮ್, ತಿಂತೀನಿ’ ಅಂದೆ. ಸುಳ್ಳು ಹೇಳೋದು ಯಾಕೆ?

‘ಕೊನೇ ಸಲ ಯಾವಾಗ ಹಾಕ್ಕೊಂಡಿದ್ದು?’

ಯೋಚನೆ ಮಾಡಿದೆ. ನೆನಪಿಗೆ ಬರಲಿಲ್ಲ. ಹೋದ ವಾರವೂ ಅಲ್ಲ, ಅದರ ಹಿಂದಿನ ವಾರವೂ ಅಲ್ಲ. ರಾಚಿ ಆ ಕಡೆ ತಿರುಗಿ ನಗ್ತಿದ್ಲು, ಯಾಕೋ.

ಬಾಯಿ ತೆಗೆದೆ. ಡಾಕ್ಟ್ರಮ್ಮ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದ್ರು. ಎಡಗಡೆ ಕೆಳಗಿನ ದವಡೆ ಹಿಂದೆ ಒಂದು ಬಿಳಿ ಮಚ್ಚೆ ಇದೆ ಅಂದ್ರು. ಬೇಗ ಸಿಕ್ಕಿದೆ, ಹೆಚ್ಚಿನಂಶ ಏನೂ ಇರಲಿಕ್ಕಿಲ್ಲ, ಆದ್ರೂ ಒಂದು ಚೂರು ತೆಗೆದು ಕಳಿಸಿ ನೋಡೋಣ ಅಂದ್ರು.

ರಾಚಿ ನಗು ನಿಂತುಹೋಯ್ತು. ಹತ್ತಿರ ಬಂದು ನನ್ನ ಭುಜ ಹಿಡ್ಕೊಂಡ್ಲು. ಅವಳ ಕೈ ಗಡಗಡ ನಡುಗ್ತಿತ್ತು. ತನ್ನ ಕೆನ್ನೆ ಕೊಯ್ತಾರೆ ಅಂದಾಗ ನಡುಗದ ಕೈ. ‘ಮಾವ...’ ಅಂದ್ಲು.

‘ಯಾಕಮ್ಮಿ ಎದ್ರುಕತ್ತೀಯ? ನೀ ತೋರ್ಸಿದ್ದಕ್ಕೆ ತಾನೆ ಸಿಕ್ಕಿದ್ದು’ ಅಂದೆ. ‘ತಗೀರಿ ಮೇಡಮ್. ಈಗ್ಲೇ ತಗೀರಿ.’

ಸೂಜಿ ಚುಚ್ಚಿದ್ರು. ಬಾಗಿಲ ಹತ್ತಿರ ಸಣ್ಣತಾಯಮ್ಮ, ಅವಳ ಹಿಂದೆ ಉಳಿದವರೆಲ್ಲ ಕತ್ತು ಚಾಚಿ ನಿಂತಿದ್ರು. ತುಂಡು ತೆಗೆಯುವಾಗ ರಾಚಿ ನನ್ನ ಶರ್ಟನ್ನ ಮುಷ್ಟೀಲಿ ಹಿಡ್ಕೊಂಡು ಗಟ್ಟಿಯಾಗಿ ಕಣ್ಣು ಮುಚ್ಕೊಂಡ್ಲು. ನಾನು ಬಾಯಿ ಅಗಲಕ್ಕೆ ತೆಕ್ಕೊಂಡು ಅವಳನ್ನೇ ನೋಡ್ತಾ ಕೂತಿದ್ದೆ.